ಮನೆಯೊಳಗೇ ಔರಾದ್ ರಸ್ತೆ ಸಿಕ್ಕೀತೆ?

ಪ್ರಶ್ನೆ: ನಾನು ಭಾಲ್ಕಿಯವನು, ಉದ್ಯೋಗ ಬೀದರಿನಲ್ಲಿ. ರಜೆ ಸಿಕ್ಕರೆ ಗೇರ್ ಸೈಕಲ್ ಹತ್ತಿ ಔರಾದ್ ಕಡೆಗೋ ನಮ್ಮೂರ ಕಡೆಗೋ ಹೊರಡುವುದು ರೂಢಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ನಡುವೆ ಜೀವ ಕೈಯಲ್ಲಿ ಹಿಡಿದೇ ಹೋಗಬೇಕು. ಮೊನ್ನೆ ಒಂದು ವಿಡಿಯೊ ನೋಡಿದೆ. ಟ್ರೆಡ್‌ಮಿಲ್‌ನಂಥ ಅಗಲವಾದ ಪಟ್ಟಿಯ ಮೇಲೆ ಒಬ್ಬಾತ ನಿಜವಾದ ಸೈಕಲ್ ತುಳಿಯುತ್ತಾನೆ, ಎದುರಿನ ಪರದೆಯಲ್ಲಿ ಗುಡ್ಡ ಬಂದರೆ ಪಟ್ಟಿಯೂ ಏರುತ್ತದೆ. ಇದು ಹೊರಗಿನ ಸವಾರಿಗೆ ನಿಜಕ್ಕೂ ಸಮವೇ? ಜಿಮ್‌ನ ಟ್ರೆಡ್‌ಮಿಲ್ ಮೇಲೆ ನನ್ನ ಸೈಕಲ್ ಇಟ್ಟು ತುಳಿಯಬಹುದೇ? ನಮ್ಮಂಥವರಿಗೆ ಯಾವ ಸಾಧನ ಸರಿ?
— ಓದುಗರೊಬ್ಬರು, ಭಾಲ್ಕಿ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ, ಏಕೆಂದರೆ ಅದರಲ್ಲಿ ಹಲ್ಲು ಮುರಿಯುವ ಅಪಾಯವಿದೆ. ಜಿಮ್‌ನ ಟ್ರೆಡ್‌ಮಿಲ್ ಮೇಲೆ ಸೈಕಲ್ ಇಡಬೇಡಿ. ಓಟಗಾರರಿಗಾಗಿ ಮಾಡಿದ ಪಟ್ಟಿ ಸಾಮಾನ್ಯವಾಗಿ ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ ಇರುತ್ತದೆ. ಸೈಕಲ್ಲಿನ ಎರಡು ಚಕ್ರಗಳು ನೆಲ ಮುಟ್ಟುವ ಜಾಗಗಳ ನಡುವೆಯೇ ಒಂದು ಮೀಟರ್ ಅಂತರ. ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ಉಳಿಯುವುದು ಒಂದು ಗೇಣು. ಎಷ್ಟೇ ನುರಿತವರು ಓಡಿಸಿದರೂ ಸೈಕಲ್ ಗೆರೆ ಎಳೆದಂತೆ ನೆಟ್ಟಗೆ ಹೋಗುವುದಿಲ್ಲ. ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ ತಿರುಗಿಸುತ್ತಲೇ ನಾವು ಬೀಳದೆ ಉಳಿಯುವುದು. ಆ ಓಲಾಟಕ್ಕೆ ಜಿಮ್‌ನ ಪಟ್ಟಿಯಲ್ಲಿ ಜಾಗವಿಲ್ಲ. ಚಕ್ರ ಅಂಚು ದಾಟಿದ ಕ್ಷಣದಲ್ಲಿ ಪಟ್ಟಿ ಓಡುತ್ತಿರುತ್ತದೆ, ನೀವು ನಿಂತಿರುತ್ತೀರಿ. ಉಳಿದದ್ದನ್ನು ಊಹಿಸಿಕೊಳ್ಳಿ.

ನೀವು ನೋಡಿದ್ದು ಸೈಕಲ್ಲಿಗಾಗಿಯೇ ಮಾಡಿದ ಯಂತ್ರ. ನೆದರ್ಲೆಂಡ್ಸ್‌ನ ಟ್ಯಾಕ್ಸ್ ಕಂಪನಿ (2019ರಲ್ಲಿ ಇದನ್ನು ಗಾರ್ಮಿನ್ ಕೊಂಡಿತು) ಕಳೆದ ದಶಕದಲ್ಲಿ ‘ಮ್ಯಾಗ್ನಮ್’ ಎಂಬ ಇಂಥದೇ ಯಂತ್ರವನ್ನು ತಯಾರಿಸಿತ್ತು. ಗಂಟೆಗೆ 30 ಕಿ.ಮೀ.ವರೆಗೆ ಓಡುವ ಪಟ್ಟಿ, ಶೇ. 15ರವರೆಗೆ ಏರು, ಎದುರಿಗೆ ದೊಡ್ಡ ಪರದೆ. ಸವಾರ ಮುಂದೆ ಸರಿದರೆ ಪಟ್ಟಿಯ ವೇಗ ಹೆಚ್ಚುತ್ತದೆ, ಹಿಂದೆ ಬಿದ್ದರೆ ತಗ್ಗುತ್ತದೆ. ಇದಕ್ಕಿಂತ ದೊಡ್ಡವು ವಿಶ್ವವಿದ್ಯಾಲಯಗಳಲ್ಲಿವೆ. ಆಮ್‌ಸ್ಟರ್‌ಡಾಮಿನ ವ್ರೈಯೆ ವಿಶ್ವವಿದ್ಯಾಲಯದಲ್ಲಿ 3 ಮೀಟರ್ ಅಗಲ, 5 ಮೀಟರ್ ಉದ್ದದ ಟ್ರೆಡ್‌ಮಿಲ್ ಇತ್ತು. ಸೈಕಲ್ ಏಕೆ ಬೀಳುವುದಿಲ್ಲ ಎಂಬುದನ್ನು ಅಳೆಯಲು ಅದೇ ದೇಶದ ಡೆಲ್ಫ್ಟ್‌ನ ಸಂಶೋಧಕರು ಅದರ ಮೇಲೆ ಸೈಕಲ್ ಓಡಿಸಿದರು. ಯಂತ್ರದ ಬೆಲೆ ಎಷ್ಟೇ ಇರಲಿ, ನಮ್ಮ ಮುಂದಿರುವ ಪ್ರಶ್ನೆ ಒಂದೇ. ಈ ಪಟ್ಟಿ ಎಷ್ಟು ನಿಜ, ಎಲ್ಲಿ ಸುಳ್ಳು?

ಎಲ್ಲಿ ನಿಜ

ಸಮತೋಲನದ ಮಟ್ಟಿಗೆ ಪಟ್ಟಿ ಪೂರ್ತಿ ನಿಜ. ಒಂದೇ ವೇಗದಲ್ಲಿ ಅಲುಗದೆ ಸಾಗುವ ಹಡಗಿನ ಕೋಣೆಯೊಳಗೆ ಕೂತವನಿಗೆ ಹಡಗು ನಿಂತಿದೆಯೋ ಸಾಗಿದೆಯೋ ತಿಳಿಯುವುದಿಲ್ಲ ಎಂದು ಗೆಲಿಲಿಯೊ 1632ರ ತನ್ನ ಪುಸ್ತಕದಲ್ಲಿ ವಾದಿಸಿದ್ದ. ರಸ್ತೆ ನಿಂತು ಸೈಕಲ್ ಓಡಿದರೂ ಸೈಕಲ್ ನಿಂತು ರಸ್ತೆ ಓಡಿದರೂ ಚಕ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಡೆಲ್ಫ್ಟ್‌ನವರು ಟ್ರೆಡ್‌ಮಿಲ್‌ನ ಮೇಲೆ ನಂಬಿಕೆ ಇಟ್ಟದ್ದು ಇದೇ ಕಾರಣಕ್ಕೆ.

ಏರಿನ ವಿಷಯದಲ್ಲೂ ಅಷ್ಟೇ. ಮನೆಯೊಳಗೆ ತುಳಿಯುವಾಗ ಒಂದು ಅಡಿಯೂ ಮೇಲೆ ಹೋಗುವುದಿಲ್ಲವಲ್ಲ, ಮತ್ತೆ ದಣಿವೇಕೆ ಎಂದು ಕೇಳಬಹುದು. ಓರೆಯಾದ ಪಟ್ಟಿ ನಿಮ್ಮನ್ನು ಸದಾ ಕೆಳಕ್ಕೆ ಒಯ್ಯುತ್ತಿರುತ್ತದೆ. ಇದ್ದಲ್ಲೇ ಉಳಿಯಬೇಕೆಂದರೆ ಅಷ್ಟನ್ನೂ ನೀವು ಹತ್ತುತ್ತಿರಬೇಕು. ಸೈಕಲ್ ಸೇರಿ 80 ಕೆ.ಜಿ. ತೂಕದ ಸವಾರ ಶೇ. 4ರ ಏರಿನಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 130 ವಾಟ್ ಶಕ್ತಿ ಬೇಕು. ಅದರಲ್ಲಿ 100 ವಾಟ್‌ಗೂ ಹೆಚ್ಚು ಗುರುತ್ವದ ಪಾಲು, ಗಾಳಿಯ ಪಾಲು ಬರೀ ಹತ್ತು. ಬೀದರಿನ ಕೋಟೆ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಔರಾದ್ ದಾರಿ ಆ ಎತ್ತರದಿಂದ ಮಾಂಜ್ರಾ ನದಿಯ ಕಣಿವೆಗೆ ಇಳಿಯುತ್ತದೆ. ವಾಪಸು ಬರುವಾಗಿನ ಆ ಏರನ್ನು ಪಟ್ಟಿಯ ಮೇಲೆ ಹೆಚ್ಚುಕಡಿಮೆ ಇದ್ದದ್ದು ಇದ್ದಂತೆಯೇ ಪಡೆಯಬಹುದು.

ಎಲ್ಲಿ ಸುಳ್ಳು

ಸಮತಟ್ಟು ರಸ್ತೆಗೆ ಬಂದ ಕೂಡಲೇ ಯಂತ್ರದ ಗುಟ್ಟು ಬಯಲಾಗುತ್ತದೆ. ಅದೇ ಸವಾರ ಬಯಲಿನಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗಲು 120 ವಾಟ್‌ಗಿಂತ ತುಸು ಹೆಚ್ಚು ಶಕ್ತಿ ಬೇಕು. ಟೈರ್ ಉರುಳುವಿಕೆಗೆ ಹೋಗುವುದು ಅದರಲ್ಲಿ ಮೂವತ್ತು ಚಿಲ್ಲರೆ. ಉಳಿದ ಸುಮಾರು 90 ವಾಟ್ ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ಪಟ್ಟಿಯ ಮೇಲಿನ ಸವಾರ ಕೋಣೆಯ ಗಾಳಿಯಲ್ಲಿ ನಿಂತೇ ಇರುತ್ತಾನೆ. ಹಾಗಾಗಿ ಮೀಟರ್ 25 ಎಂದು ತೋರಿಸಿದರೂ ಕಾಲಿಗೆ ಬೀಳುವ ಭಾರ ಕಾಲು ಭಾಗ ಮಾತ್ರ.

ಈ ಗಾಳಿಯ ಪಾಲು ಎಷ್ಟು ದೊಡ್ಡದೆಂದು ತೋರಿಸಿದವನು ಅಮೆರಿಕದ ಚಾರ್ಲ್ಸ್ ಮರ್ಫಿ. ಉರುಳೆಗಳ ಮೇಲೆ, ಅಂದರೆ ರೋಲರ್ ಮೇಲೆ, ನಿಂತಲ್ಲೇ ಸೈಕಲ್ ತುಳಿಯುವುದರಲ್ಲಿ ಆತ ಹೆಸರುವಾಸಿ. ಕಪ್ಪು ಜನಾಂಗದ ವಿಶ್ವ ಚಾಂಪಿಯನ್ ಮೇಜರ್ ಟೇಲರ್ ಜತೆ ರಂಗಮಂದಿರಗಳ ವೇದಿಕೆಯ ಮೇಲೆ ರೋಲರ್ ಪಂದ್ಯಗಳನ್ನೂ ಆಡಿದ್ದ. ಗಾಳಿಯ ತಡೆ ಇಲ್ಲದಿದ್ದರೆ ರೈಲನ್ನೂ ಬೆನ್ನಟ್ಟಬಲ್ಲೆ ಎಂಬುದು ಅವನ ಪಂಥ. 1899ರ ಜೂನ್ 30ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಹಳಿಗಳ ನಡುವೆ ಹಲಗೆ ಹಾಸಿ, ರೈಲುಬೋಗಿಯ ಹಿಂಬದಿಗೆ ಗಾಳಿ ತಡೆಯುವ ಮರೆ ಕಟ್ಟಿ, ಅದರ ಬೆನ್ನಿಗಂಟಿ ತುಳಿದ. ಒಂದು ಮೈಲಿ ಮುಗಿದದ್ದು 57.8 ಸೆಕೆಂಡಿನಲ್ಲಿ, ಅಂದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ. ಮನೆಯೊಳಗಿನ ಮೀಟರ್‌ನಲ್ಲಿ ದೊಡ್ಡ ವೇಗ ಕಂಡು ಹಿಗ್ಗುವವರು ಮರ್ಫಿಯನ್ನು ನೆನೆಯಬೇಕು. ಅವನಿಗೆ ರೈಲು ಮಾಡಿದ ಉಪಕಾರವನ್ನು ನಿಮಗೆ ನಾಲ್ಕು ಗೋಡೆಗಳು ಮಾಡುತ್ತಿರುತ್ತವೆ.

ಪಟ್ಟಿಯನ್ನು ತುಸು ಎತ್ತಿ ಈ ಕೊರತೆ ತುಂಬಬಹುದು. 25 ಕಿ.ಮೀ. ವೇಗಕ್ಕೆ ಶೇ. 1.7ರಷ್ಟು ಏರು ಕೊಟ್ಟರೆ ಗಾಳಿಯ ಲೆಕ್ಕ ಚುಕ್ತಾ. ಆದರೆ ಇದು ಆ ಒಂದು ವೇಗಕ್ಕೆ ಮಾತ್ರ. ಏರಿನ ಎಳೆತ ವೇಗ ಬದಲಾದರೂ ಬದಲಾಗುವುದಿಲ್ಲ, ಗಾಳಿಯ ತಡೆಯೋ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಬದಲಾದಂತೆಲ್ಲ ಏರನ್ನೂ ಬದಲಿಸುವ ಗಣಕ ಇದ್ದರಷ್ಟೇ ಲೆಕ್ಕ ಸರಿಹೋಗುತ್ತದೆ.

ಇನ್ನು ನಿಮ್ಮ ಭಾಲ್ಕಿ ದಾರಿ. ಬೀದರಿನಿಂದ ಭಾಲ್ಕಿ ಇರುವುದು ಪಶ್ಚಿಮ-ವಾಯವ್ಯಕ್ಕೆ, ಹತ್ತಿರ ಹತ್ತಿರ 40 ಕಿ.ಮೀ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮದ ಕಡೆಯಿಂದಲೇ. ಗಂಟೆಗೆ 15 ಕಿ.ಮೀ. ವೇಗದ ಎದುರುಗಾಳಿಯಲ್ಲಿ ನೀವು 20 ಕಿ.ಮೀ. ವೇಗದಲ್ಲಿ ಹೊರಟರೆ ಮೈಗೆ ತಾಗುವ ಗಾಳಿ 35ರದ್ದು. ನಿಶ್ಚಲ ಗಾಳಿಯಲ್ಲಿ 46 ವಾಟ್ ಕೇಳುತ್ತಿದ್ದ ತಡೆ ಈಗ 140 ವಾಟ್ ಕೇಳುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ಮೂರೇ ವಾಟ್. ಊರಿಗೆ ಹೋಗುವಾಗ ತೊಡೆ ನೋಯುವುದಕ್ಕೂ ಬೀದರಿಗೆ ಮರಳುವಾಗ ಸೈಕಲ್ ತಾನೇ ಓಡಿದಂತೆನಿಸುವುದಕ್ಕೂ ಕಾರಣ ಇಷ್ಟೇ. ಬಯಲುಸೀಮೆಯ ಸವಾರನಿಗೆ ಗುಡ್ಡದ ಕೆಲಸವನ್ನು ಗಾಳಿಯೇ ಮಾಡುತ್ತದೆ. ಮನೆಯೊಳಗೆ ಮೊದಲು ಕಳೆದುಹೋಗುವುದೂ ಅದೇ.

ಗಾಳಿಯ ಇನ್ನೊಂದು ಕೆಲಸ

ಗಾಳಿ ಎದುರಾಳಿ ಮಾತ್ರವಲ್ಲ, ಮೈ ತಣಿಸುವ ಆಳೂ ಹೌದು. ನಮ್ಮ ಸ್ನಾಯುಗಳು ಉಣ್ಣುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲು. ಮಿಕ್ಕದ್ದು ಶಾಖ. ಪೆಡಲಿಗೆ 150 ವಾಟ್ ಕೊಡುವಾಗ ಮೈ ಸುಮಾರು 500 ವಾಟ್ ಶಾಖ ಹೊರಹಾಕಬೇಕು. ಕೋಣೆಯಲ್ಲಿ ಅರ್ಧ ಉರಿಯಲ್ಲಿಟ್ಟ ಇಸ್ತ್ರಿಪೆಟ್ಟಿಗೆ ಎಂದುಕೊಳ್ಳಿ. ಅಷ್ಟೂ ಶಾಖ ಬೆವರಿನಿಂದಲೇ ಹೋಗಬೇಕಾದರೆ ಗಂಟೆಗೆ ಮುಕ್ಕಾಲು ಲೀಟರ್ ಬೆವರು ಆರಬೇಕು. ಆರಬೇಕು ಎಂಬುದು ಮುಖ್ಯ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ. ಹೊರಗೆ 25 ಕಿ.ಮೀ. ವೇಗದ ಗಾಳಿ ಬಿಟ್ಟಿಯಾಗಿ ಬೆವರು ಆರಿಸುತ್ತದೆ. ಒಳಗೆ ಅದನ್ನು ನೀವೇ ತಂದುಕೊಳ್ಳಬೇಕು.

ಹಾಗಾಗಿ ಯಾವ ಯಂತ್ರ ಕೊಂಡರೂ ಮೊದಲ ಖರ್ಚು ಫ್ಯಾನ್‌ಗೆ. ಸೀಲಿಂಗ್ ಫ್ಯಾನ್ ಸಾಲದು, ಎದೆಗೆ ನೇರ ಬೀಸುವ ದೊಡ್ಡ ಫ್ಯಾನ್ ಬೇಕು. ಬೀದರಿನ ಏಪ್ರಿಲ್–ಮೇ ತಿಂಗಳ ಒಣ ಸೆಖೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ತೇವದಲ್ಲಿ ಅದು ಬೆವರು ಆರುವುದಕ್ಕೆ ಅಡ್ಡಿಯೇ, ಆಗ ಬರೀ ಫ್ಯಾನ್ ಸಾಕು. ಫ್ಯಾನ್ ಇಲ್ಲದೆ ತುಳಿದು, ಹೃದಯ ಬಡಿತ ಏರಿದ್ದನ್ನು ಕಂಡು ಒಳ್ಳೆಯ ವ್ಯಾಯಾಮವಾಯಿತು ಎಂದು ತಿಳಿಯುವವರಿದ್ದಾರೆ. ಆ ಬಡಿತದಲ್ಲಿ ಒಂದು ಪಾಲು ಕಾಲಿಗಲ್ಲ, ಚರ್ಮ ತಣಿಸಲು ರಕ್ತ ಹರಿಸುವುದಕ್ಕೆ ಹೋಗಿರುತ್ತದೆ.

ಪಟ್ಟಿ ಇಲ್ಲದ ಯಂತ್ರಗಳು

ಮನೆಯೊಳಗೆ ತಮ್ಮದೇ ಸೈಕಲ್ ತುಳಿಯುವ ಬಹುಪಾಲು ಜನರ ಬಳಿ ಪಟ್ಟಿಯೇ ಇಲ್ಲ. ಇರುವುದು ಹೆಚ್ಚಾಗಿ ಸ್ಮಾರ್ಟ್ ಟ್ರೇನರ್ ಅಥವಾ ರೋಲರ್.

ಸ್ಮಾರ್ಟ್ ಟ್ರೇನರ್‌ಗೆ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಚೈನನ್ನು ನೇರ ಜೋಡಿಸುತ್ತಾರೆ. ಒಳಗೆ ಭಾರವಾದ ಫ್ಲೈವೀಲ್ ಮತ್ತು ವಿದ್ಯುತ್ಕಾಂತದ ಬ್ರೇಕ್ ಇರುತ್ತವೆ. ಆ್ಯಪ್ ನಿಮ್ಮ ತೂಕ, ಏರು, ವೇಗ ಮೂರನ್ನೂ ನೋಡಿ ‘ಈ ಕ್ಷಣದಲ್ಲಿ ರಸ್ತೆಯಾಗಿದ್ದರೆ ಇಷ್ಟು ತಡೆ’ ಎಂದು ಲೆಕ್ಕ ಹಾಕುತ್ತದೆ, ಬ್ಲೂಟೂತ್ ಮೂಲಕ ಬ್ರೇಕಿಗೆ ಹೇಳುತ್ತದೆ. ಬೀಸದ ಗಾಳಿಯ ತಡೆಯೂ ಈ ಲೆಕ್ಕದಲ್ಲಿ ಸೇರಿರುತ್ತದೆ. ಕಾಲಿನ ಮಟ್ಟಿಗೆ ಓಡುವ ಪಟ್ಟಿಗಿಂತ ನಿಂತ ಟ್ರೇನರೇ ಹೆಚ್ಚು ನಿಜವಾಗುವುದು ಹೀಗೆ. ವಾಹೂ ಕಂಪನಿಯ ಕಿಕರ್ 2012ರಲ್ಲಿ ಬಂತು. ಝ್ವಿಫ್ಟ್ ಎಂಬ ಆನ್‌ಲೈನ್ ಸವಾರಿ ಲೋಕ 2014ರಲ್ಲಿ ಪ್ರಯೋಗಕ್ಕೆ ತೆರೆಯಿತು. ಕೋವಿಡ್ ವರ್ಷವಾದ 2020ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇದೇ ಲೋಕದಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ಪನ್ನೂ ನಡೆಸಿತು.

ಇಲ್ಲಿಯೂ ಕಳ್ಳದಾರಿಗಳಿವೆ. ತೂಕ 75 ಇದ್ದವರು ಆ್ಯಪ್‌ಗೆ 65 ಎಂದರೆ ಗುಡ್ಡವೇ ಹಗುರಾಗುತ್ತದೆ. ಅದಕ್ಕೇ ದೊಡ್ಡ ಪಂದ್ಯಗಳಲ್ಲಿ ಸವಾರರ ತೂಕವನ್ನು ಪರೀಕ್ಷಿಸುತ್ತಾರೆ. ಹಲವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಝ್ವಿಫ್ಟ್‌ನಲ್ಲಿ ಏರಿನ ತೀವ್ರತೆಯ ಗುಂಡಿ ಮೊದಲೇ ಅರ್ಧಕ್ಕೆ ನಿಂತಿರುತ್ತದೆ. ಪರದೆಯಲ್ಲಿ ಶೇ. 8ರ ಏರು ಬಂದರೆ ಕಾಲಿಗೆ ತಿಳಿಯುವುದು ಶೇ. 4ರಷ್ಟು. ಮುಂದೆ ಸಾಗಲು ಬೇಕಾದ ಒಟ್ಟು ಶಕ್ತಿ ಕಡಿಮೆಯಾಗುವುದಿಲ್ಲ, ಆದರೆ ಗೇರ್ ಇಳಿಸುವ ಅಗತ್ಯ ತಗ್ಗುತ್ತದೆ. ನಿಜವಾದ ಏರಿನ ಅಭ್ಯಾಸ ಬೇಕಿದ್ದರೆ ಅದನ್ನು ಪೂರ್ತಿಗೆ ತಿರುಗಿಸಿ.

ನಿಮ್ಮ ಔರಾದ್ ರಸ್ತೆಯನ್ನೇ ಒಳಗೆ ತರಲೂ ಸಾಧ್ಯ. ಮೊಬೈಲಿನ ಜಿಪಿಎಸ್‌ನಲ್ಲಿ ದಾರಿ ದಾಖಲಿಸಿ, ಆ ದಾಖಲೆಯ ಕಡತವನ್ನು (ಜಿಪಿಎಕ್ಸ್) ಓದಬಲ್ಲ ಆ್ಯಪ್‌ಗೆ ಕೊಟ್ಟರೆ ಅದೇ ಏರಿಳಿತಗಳನ್ನು ಟ್ರೇನರ್ ಕೊಡುತ್ತದೆ. ಒಂದು ಎಚ್ಚರಿಕೆ: ಮೊಬೈಲಿನ ಎತ್ತರದ ಲೆಕ್ಕ ಹಲವು ಮೀಟರ್ ಹೆಚ್ಚುಕಡಿಮೆ ಆಗುತ್ತದೆಂದು ಆ್ಯಪ್‌ಗಳು ಉಪಗ್ರಹ ನಕ್ಷೆಯ ಎತ್ತರವನ್ನು ಬಳಸುತ್ತವೆ. ಆ ನಕ್ಷೆಗೆ ಸೇತುವೆ ಕಾಣದು, ನದಿ ಕಾಣುತ್ತದೆ. ಮಾಂಜ್ರಾ ಸೇತುವೆಯ ಮೇಲೆ ನೆಟ್ಟಗೆ ಹೋದ ನಿಮ್ಮನ್ನು ಆ್ಯಪ್ ನದಿಯ ಪಾತ್ರಕ್ಕೆ ಇಳಿಸಿ, ಆಚೆ ದಡದಲ್ಲಿ ಗೋಡೆಯಂಥ ಏರು ಹತ್ತಿಸಬಹುದು. ಅಂಥ ಜಾಗಗಳನ್ನು ಕೈಯಾರೆ ತಿದ್ದಿಕೊಳ್ಳಬೇಕು.

ಟ್ರೇನರ್‌ನ ಕೊರತೆ ಸಮತೋಲನ. ಸೈಕಲ್ ಬಿಗಿಯಾಗಿ ನಿಂತಿರುತ್ತದೆ, ಓಲುವುದಿಲ್ಲ, ಹ್ಯಾಂಡಲ್‌ಗೆ ಕೆಲಸವಿಲ್ಲ. ಇದಕ್ಕೆ ಮದ್ದು ಮರ್ಫಿಯ ಕಾಲದ ರೋಲರ್. ಹಿಂಬದಿಗೆ ಎರಡು, ಮುಂದೆ ಒಂದು ಉರುಳೆ. ಮುಂದಿನದನ್ನು ಒಂದು ಬೆಲ್ಟ್ ತಿರುಗಿಸುತ್ತದೆ. ಸೈಕಲ್ಲನ್ನು ಯಾವುದಕ್ಕೂ ಕಟ್ಟಿರುವುದಿಲ್ಲ, ಎರಡೂ ಚಕ್ರ ತಿರುಗುವುದರಿಂದ ಸಮತೋಲನ ರಸ್ತೆಯಂತೆಯೇ. ಕರೆಂಟ್ ಬೇಡ, ಲೋಡ್‌ಶೆಡ್ಡಿಂಗ್ ಕಾಟವಿಲ್ಲ. ಒಳ್ಳೆಯ ಸ್ಮಾರ್ಟ್ ಟ್ರೇನರ್ ಲಕ್ಷದ ಆಸುಪಾಸಿಗೆ ಹೋದರೆ ಸಾದಾ ರೋಲರ್ ಅದರ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಏರು ಮಾತ್ರ ಇಲ್ಲ, ತಡೆಯೂ ಕಡಿಮೆ. ಮೊದಮೊದಲು ಬಾಗಿಲ ಚೌಕಟ್ಟಿನ ನಡುವೆ ಇಟ್ಟು, ಗೋಡೆಗೆ ಮೊಣಕೈ ತಾಗುವಂತೆ ಕಲಿಯುವುದು ಕ್ಷೇಮ.

ಒಳಗಿನ ಅಭ್ಯಾಸ ಹೊರಗೆ ಫಲಿಸುತ್ತದೆಯೇ?

ಫಲಿಸುತ್ತದೆ. 2016ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್ ಪಂದ್ಯದಲ್ಲಿ ಬಿದ್ದು ಕೈಮೂಳೆ ಮುರಿದುಕೊಂಡ. ವಾರಗಟ್ಟಲೆ ಹೊರಗೆ ಹೋಗುವಂತಿರಲಿಲ್ಲ, ಗ್ಯಾರೇಜಿನಲ್ಲಿ ಟ್ರೇನರ್ ಮೇಲೆ ಝ್ವಿಫ್ಟ್ ತುಳಿದ. ಏಪ್ರಿಲ್ 10ರಂದು ಫ್ರಾನ್ಸ್‌ನ ಪ್ಯಾರಿಸ್–ರೂಬೆ ಪಂದ್ಯದಲ್ಲಿ, ಕಲ್ಲು ಹಾಸಿನ ಕೆಟ್ಟ ರಸ್ತೆಗಳಿಗೇ ಕುಖ್ಯಾತವಾದ ಆ ಪಂದ್ಯದಲ್ಲಿ, ನಾಲ್ಕು ಬಾರಿ ಗೆದ್ದಿದ್ದ ಟಾಮ್ ಬೂನೆನ್‌ನನ್ನು ಹಿಂದಿಕ್ಕಿ ಗೆದ್ದ. ಆದರೆ ಹೇಮನ್ ಆ ಪಂದ್ಯವನ್ನು ಹತ್ತಾರು ಬಾರಿ ಓಡಿಸಿದ್ದ ಹಳೆಯ ಹುಲಿ ಎಂಬುದನ್ನು ಮರೆಯಬಾರದು. ಗ್ಯಾರೇಜು ಅವನ ಕಾಲು, ಶ್ವಾಸಕೋಶಗಳನ್ನು ಉಳಿಸಿತು. ರಸ್ತೆಯ ಜಾಣ್ಮೆಯನ್ನು ರಸ್ತೆಯೇ ಕಲಿಸಿತ್ತು.

ನಮ್ಮ ಸೀಮೆಯ ಅನುಭವವೂ ಅದನ್ನೇ ಹೇಳುತ್ತದೆ. ಕರ್ನಾಟಕಕ್ಕೆ ಹೆಚ್ಚು ಸೈಕಲ್ ಪಟುಗಳನ್ನು ಕೊಟ್ಟದ್ದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ಅಲ್ಲಿ ಸೈಕ್ಲಿಂಗ್‌ಗೆ ಸರ್ಕಾರಿ ಕ್ರೀಡಾ ವಸತಿ ನಿಲಯಗಳಿವೆ. ಅಲ್ಲಿನ ಮಕ್ಕಳು ಪಳಗಿದ್ದು ನಮ್ಮ ಬೀದರಿನಂಥದೇ ಬಯಲಿನ ಉದ್ದ ರಸ್ತೆಗಳಲ್ಲಿ, ಎದುರುಗಾಳಿಯಲ್ಲಿ. ಬೆಂಗಳೂರಿನ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದದ್ದು ಏಕಾಂಗಿ ಸಮಯ ಸ್ಪರ್ಧೆಗೆ. ಮುಂದೆ ಮರೆಯಾಗಲು ಯಾರೂ ಇಲ್ಲದೆ, ಒಬ್ಬನೇ ಗಾಳಿಯೊಡನೆ ಸೆಣಸುವ ಸ್ಪರ್ಧೆ ಅದು.

ಹೀಗೆ ನಿಜವನ್ನು ಅನುಕರಿಸುವ ಯಂತ್ರ, ಅಂದರೆ ಸಿಮ್ಯುಲೇಟರ್, ಬೀದರಿನವರಿಗೆ ಹೊಸ ಮಾತಲ್ಲ. 2008ರಿಂದ ಇಲ್ಲಿನ ವಾಯುನೆಲೆಯಲ್ಲಿ ಹಾಕ್ ಜೆಟ್‌ಗಳ ಮೇಲೆ ಯುವ ಪೈಲಟ್‌ಗಳು ತರಬೇತಿ ಪಡೆಯುತ್ತಿದ್ದಾರೆ. ಜಗತ್ತಿನ ಯಾವ ವಾಯುಪಡೆಯೂ ಸಿಮ್ಯುಲೇಟರ್ ಇದೆಯೆಂದು ವಿಮಾನ ಹಾರಿಸುವುದನ್ನು ನಿಲ್ಲಿಸಿಲ್ಲ, ವಿಮಾನ ಇದೆಯೆಂದು ಸಿಮ್ಯುಲೇಟರ್ ಬಿಟ್ಟಿಲ್ಲ. ಸೈಕಲ್ ಸವಾರನಿಗೂ ಇದೇ ನೀತಿ. ಗುಂಡಿ ತಪ್ಪಿಸುವುದು, ಇಳುಕಲಿನಲ್ಲಿ ಬ್ರೇಕ್ ಹದ ಮಾಡುವುದು, ತಿರುವಿನಲ್ಲಿ ವಾಲುವುದು, ಕಬ್ಬಿನ ಟ್ರ್ಯಾಕ್ಟರ್ ಎದುರಾದಾಗ ಎಷ್ಟು ಬದಿಗೆ ಸರಿಯಬೇಕೆಂದು ಕ್ಷಣದಲ್ಲಿ ನಿರ್ಧರಿಸುವುದು, ಇವನ್ನು ಯಾವ ಪರದೆಯೂ ಕಲಿಸದು.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ. ಸೈಕಲ್ ಟ್ರೆಡ್‌ಮಿಲ್ ಪ್ರಯೋಗಾಲಯಕ್ಕೆ ಸರಿ, ಮನೆಗೆ ಬೇಡ. ಬೆಲೆ, ಜಾಗ, ರಿಪೇರಿ ಮೂರೂ ಭಾರ, ಬಿದ್ದರೆ ಪಟ್ಟಿ ನಿಲ್ಲಿಸುವ ಸುರಕ್ಷಾ ಹಗ್ಗ ಕಟ್ಟಿಕೊಂಡೇ ಹತ್ತಬೇಕು. ಸ್ಪರ್ಧೆಗೆ ಇಳಿಯುವ ಮನಸ್ಸಿದ್ದರೆ, ಏರಿನ ಅಭ್ಯಾಸವೇ ಗುರಿಯಾಗಿದ್ದರೆ ಸ್ಮಾರ್ಟ್ ಟ್ರೇನರ್ ಕೊಳ್ಳಿ. ಆರೋಗ್ಯಕ್ಕೂ ಸಂತೋಷಕ್ಕೂ ತುಳಿಯುವವರಾದರೆ ಒಂದು ಸಾದಾ ರೋಲರ್, ಒಂದು ದೊಡ್ಡ ಫ್ಯಾನ್ ಧಾರಾಳ. ಹೃದಯ, ರಕ್ತದೊತ್ತಡದ ತೊಂದರೆ ಇದ್ದವರು ಮುಚ್ಚಿದ ಕೋಣೆಯಲ್ಲಿ ಬೆವರಿಳಿಸುವ ಮುನ್ನ ವೈದ್ಯರನ್ನು ಕೇಳಬೇಕು. ಸುಡುಬೇಸಿಗೆ, ಕಬ್ಬಿನ ಹಂಗಾಮು, ಕತ್ತಲಾದ ಮೇಲಿನ ಹೊತ್ತು, ಇಷ್ಟನ್ನು ಒಳಗಿನ ಸವಾರಿಗೆ ಬಿಡಿ. ಮಿಕ್ಕ ದಿನಗಳಲ್ಲಿ ಹೆಲ್ಮೆಟ್ ಹಾಕಿ, ಹಿಂದೆ ಕೆಂಪು ದೀಪ ಕಟ್ಟಿ, ಬೆಳಕು ಹರಿಯುತ್ತಿದ್ದಂತೆ ರಸ್ತೆಗೆ ಇಳಿಯಿರಿ. ಹೋಗುವಾಗ ಗಾಳಿಗೆ ಎದುರಾಗಿ ಹೊರಡಿ, ದಣಿದು ಮರಳುವಾಗ ಅದು ನಿಮ್ಮ ಬೆನ್ನಿಗಿರಲಿ.